ಹಾಡು ಕೊಟ್ಟವರ ಹೆಸರು

ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಬೆರಳಿಗೆ ನೀರು ಹಚ್ಚಿ ಮುಟ್ಟಿದಾಗ ಚುಯ್ ಎಂದಿತು. ಆ ಸದ್ದಿಗೆ ನೀಲಾಂಬಿಕೆ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯ ಮತ್ತೆ ಮುರಿಯಿತು. ‘ಈ ಹಾಡನ್ನು ನಾನು ಕಲಿತದ್ದು’ ಎಂಬಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮುಂದೆ ನಾಲಿಗೆ ಹೊರಳುವುದಿಲ್ಲ. ಅಂಗಳದ ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಅವರು ಬ್ಯಾಂಜೋದ ತಂತಿ ಬಿಗಿಯುತ್ತಿದ್ದರು. ಅವರು ಎಂದರೆ ಅವಳ ಗಂಡ. ಒಂದು ತಂತಿಯನ್ನು ಮೀಟುವುದು, ತಲೆ ವಾಲಿಸಿ ಕೇಳುವುದು, ಕಿವಿಯಿಂದ ಸಮಾಧಾನವಾಗದೆ ವಾದ್ಯದ ಬಳೆಯಂಥ ಅಂಚಿಗೆ ಹಲ್ಲು ಕಚ್ಚಿ ನಾದವನ್ನು ಎಲುಬಿನಲ್ಲಿ ಹಿಡಿಯುವುದು. ಅಮೆರಿಕೆಯ ಕ್ಯಾಂಪ್‌ಬೆಲ್ಲಿನ ಈ ಬಾಡಿಗೆ ಮನೆಗೆ ಬಂದಾಗಿನಿಂದ ಶನಿವಾರದ ಬೆಳಗು ಎಂದರೆ ಇದೇ ಸದ್ದು. ಮೊದಲು ಇದರ ಜೊತೆಗೆ ಅವರ ಗುನುಗು ಇರುತ್ತಿತ್ತು. ಈಗ ಆ ಜಾಗದಲ್ಲಿ ಕುತ್ತಿಗೆಯ ತಗ್ಗಿನಲ್ಲಿ ವೈದ್ಯರು ಕೊರೆದ ತೂತಿನಿಂದ ಉಸಿರು ಹೋಗಿಬರುವ ಸುಯ್ಯೆಂಬ ಶಬ್ದ ಮಾತ್ರ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ಎರಡು ವರ್ಷವಾಯಿತು. ತೂತು ಕಾಣದ ಹಾಗೆ ಅವರು ಕೆಂಪು ಕರವಸ್ತ್ರವನ್ನು ಕೊರಳಿಗೆ ಸುತ್ತಿಕೊಳ್ಳುತ್ತಾರೆ. ಗೊತ್ತಿಲ್ಲದವರು ಅದನ್ನು ಹಾಡುಗಾರರ ಶೋಕಿ ಎಂದುಕೊಳ್ಳುತ್ತಾರೆ, ಅವರೂ ಹಾಗೆ ಅಂದುಕೊಳ್ಳಲಿ ಎಂದು ಬಿಡುತ್ತಾರೆ. ಆ ಕರವಸ್ತ್ರದ ನಾಲ್ಕು ಮೂಲೆಗಳನ್ನೂ ಅವಳು ಒತ್ತಿ ಒತ್ತಿ ಇಸ್ತ್ರಿ ಮಾಡಿದಳು. ಇಂಥವರ ಹೆಂಡತಿ ನಾನು ಎಂಬ ಹೆಮ್ಮೆ ಎದೆಯಲ್ಲಿ ಬಿಸಿಯಾಗಿ ಏರಿಬಂತು, ಅದರ ಹಿಂದೆಯೇ ಭಯವೂ ಬಂತು. ಇವತ್ತು ಮಧ್ಯಾಹ್ನ ಅವರು ಬಾರಿಸಬೇಕು, ಅವಳು ಹಾಡಬೇಕು. ಹಾಡುವ ಮುಂಚೆ, ಕಲಿತದ್ದು ಯಾರಿಂದ ಎಂದು ಹೆಸರು ಹಿಡಿದು ಹೇಳಬೇಕು.

ಅದು ಅವರ ಕುಲದ ಆಚಾರ. ಕುಲವೆಂದರೆ ಈ ದೇಶದ ಜನಪದ ಹಾಡುಗಾರರದು. ಲಾರಿಯ ಬೆನ್ನ ಮೇಲೆ, ಮುಷ್ಕರ ಹೂಡಿದ ಕಾರ್ಖಾನೆಗಳ ಗೇಟಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಎಲ್ಲಿ ಹಾಡಿದರೂ ಮೊದಲು ಹೇಳುವುದು ಇದನ್ನೇ: ಈ ಹಾಡು ನನಗೆ ಇಂಥ ಊರಿನ ಇಂಥವರಿಂದ ಬಂತು. ಹಾಗೆ ಹೇಳದೆ ಹಾಡುವವನು ಉಂಡು ಕೈತೊಳೆದು, ಬಡಿಸಿದವರ ಮುಖ ನೋಡದೆ ಎದ್ದುಹೋದವನು ಎಂದು ಅವರು ಎಷ್ಟೋ ಸಲ ಅಂದಿದ್ದರು. ಹೋದ ತಿಂಗಳು ಮೌಂಟನ್ ವ್ಯೂನ ಒಂದು ಶಾಲೆಯಲ್ಲಿ ಅವಳು ಮೊದಲ ಸಲ ಅವರ ಬದಲಿಗೆ ಹಾಡಲು ನಿಂತಾಗ, ಎದುರಿಗೆ ಮಡಿಸುವ ಕುರ್ಚಿಗಳಲ್ಲಿ ಜನ ಕಾಯುತ್ತಿದ್ದಾಗ, ಬಾಯಿಗೆ ಬಂದದ್ದು ಒಂದೇ ಮಾತು. ಇದೊಂದು ಹಳೆಯ ಹಾಡು, ಅಂದುಬಿಟ್ಟಳು. ಅಷ್ಟೇ ಹೇಳಿ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಚಪ್ಪಾಳೆ ಮುಗಿಯುವ ಮೊದಲೇ ಅವರು ಬ್ಯಾಂಜೋವನ್ನು ಪೆಟ್ಟಿಗೆಗೆ ಹಾಕಿ ಕೊಂಡಿ ಒತ್ತಿದ ಟಪ್ ಎಂಬ ಸದ್ದು ಅವಳಿಗೆ ಕೇಳಿಸಿತು. ದಾರಿಯುದ್ದಕ್ಕೂ ಅವರು ರಸ್ತೆಯನ್ನೇ ನೋಡುತ್ತ ವ್ಯಾನು ಓಡಿಸಿದರು. ಮನೆಗೆ ಬಂದು ಅಡುಗೆಮನೆಯ ಮೇಜಿನ ಹತ್ತಿರ ನಿಂತು, ಎಂದೂ ಮುಟ್ಟದ ಯಂತ್ರವನ್ನು ಎತ್ತಿಕೊಂಡರು. ಗಂಟಲಿಗೆ ಒತ್ತಿಹಿಡಿದರೆ ಮಾತನ್ನು ಝೇಂಕಾರ ಮಾಡಿ ಹೊರಗೆ ಬಿಡುವ ಯಂತ್ರ ಅದು. ಅದಕ್ಕೆ ಇರುವುದು ಒಂದೇ ಸ್ವರವೆಂದು ಅವರಿಗೆ ಅದರ ಮೇಲೆ ಹಗೆ. ಆ ಒಂದೇ ಸ್ವರದಲ್ಲಿ ಅವರು ಹೇಳಿದರು: “ಅದು ಹಳೆಯ ಹಾಡಲ್ಲ. ನಾನು ಇನ್ನೂ ಬದುಕಿದ್ದೇನೆ.”

ಬದುಕಿರಲಿ ಎಂದೇ ಅಲ್ಲವೇ, ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಬಂದಿದ್ದರೂ ಯಾವ ಭಾಷೆಯಲ್ಲಿ ಹೇಳುವುದು? ಬರ್ಕ್ಲಿಯಲ್ಲಿ ಸಸ್ಯಶಾಸ್ತ್ರ ಓದಲು ಬಂದವಳು, ಈಗ ಕಂಪನಿಯೊಂದರಲ್ಲಿ ಬಿಳಿ ಮುಸುಕು ಹಾಕಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಕಂಪ್ಯೂಟರ್ ಚಿಪ್‌ಗಳ ಗೆರೆಗಳಲ್ಲಿ ದೋಷ ಹುಡುಕುವವಳು, ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಸವೆಯುತ್ತದೆಂದು ನಂಬುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾಳೆ? ನಂಬುತ್ತೇನೆ ಅಂತಲೂ ಅಲ್ಲ. ಗದಗಿನ ಮನೆಯ ಪಡಸಾಲೆಯಲ್ಲಿ ಕೌದಿ ಹೊದಿಸಿ ಕತೆ ಹೇಳುತ್ತಿದ್ದ ಅಜ್ಜಿ ಬಂಗಾರೆವ್ವನ ಎಲ್ಲಾ ಕತೆಗಳಲ್ಲೂ ರಾಜನ ಜೀವ ಎಲ್ಲೋ ಅಡಗಿರುತ್ತಿತ್ತು, ಏಳು ಕೆರೆಯಾಚೆಯ ಗಿಣಿಯಲ್ಲೋ, ಗಿಣಿಯ ಕೊರಳ ಗೆರೆಯಲ್ಲೋ. ತಮ್ಮ ಮನೆಯ ಕತೆಗೆ ಬಂದಾಗ ಅಜ್ಜಿ ದನಿ ತಗ್ಗಿಸಿ, “ನಮ್ಮ ಗಂಡಸರ ಜೀಂವ ಹೆಸರಾಗ ಇರ್ತೈತವಾ, ಹೇಣ್ತಿ ಬಾಯಿಂದ ಹೊರಗ ಬಿದ್ದ ಕೂಡ್ಲೆ ಒಂದೀಟು ಕಮ್ಮಿ ಆಕ್ಕೈತಿ” ಅನ್ನುತ್ತಿದ್ದಳು. ಬೇರೆ ಕತೆಗಳೆಲ್ಲ ಕತೆಗಳಾಗಿಯೇ ಉಳಿದವು, ಇದೊಂದು ಮಾತ್ರ ರಕ್ತಕ್ಕೆ ಇಳಿದುಬಿಟ್ಟಿತು. ಸಾನ್ ಹೊಸೆಯ ಕೋರ್ಟಿನಲ್ಲಿ ಮದುವೆಯಾದಾಗ ನ್ಯಾಯಾಧೀಶ ಕೇಳಿದ್ದಕ್ಕೆ ‘ಹೌದು’ ಅಂದರೆ ಸಾಕಾಯಿತು. ಆಮೇಲೆ ಕರೆಯುವುದಕ್ಕೆ ‘ಇಲ್ಲಿ ನೋಡ್ರಿ’ ಇತ್ತು. ಅವಳು ತಮ್ಮನ್ನು ಹಾಗೆ ಕರೆಯುತ್ತಾಳೆಂದು ಅವರು ಮೊದಮೊದಲು ನಗುತ್ತಿದ್ದರು, ಆಮೇಲೆ ಅದಕ್ಕೇ ಒಗ್ಗಿದರು. ಒಮ್ಮೆ ಫಾಸ್ಟರ್ ಸಿಟಿಯ ಕನ್ನಡದವರ ಮನೆಯ ಊಟದಲ್ಲಿ ಯಾರದೋ ಹೆಂಡತಿ ‘ಇಲ್ಲಿ ನೋಡ್ರಿ’ ಅಂದಾಗ ಬೇರೆ ಗಂಡಸರು ಯಾರೂ ತಿರುಗುವ ಮೊದಲು ಇವರೇ ತಟ್ಟೆ ಹಿಡಿದುಕೊಂಡು ಎದ್ದು ನಿಂತಿದ್ದರು. ಎಲ್ಲರೂ ನಕ್ಕಾಗ ಅವರೂ ನಕ್ಕಿದ್ದರು. ಆಗ ಅವರ ನಗು ಎಷ್ಟು ದೊಡ್ಡದಿತ್ತು, ಗೋಡೆಗೆ ಬಡಿದು ವಾಪಸು ಬರುತ್ತಿತ್ತು.

ಇವತ್ತು ಮೈಕಿನ ಸಲಕರಣೆ ಜೋಡಿಸುವವರ ಜೊತೆ ಅವರು ಮುಂಚೆಯೇ ವ್ಯಾನಿನಲ್ಲಿ ಹೋದರು. ಹೋಗುವಾಗ ಕರವಸ್ತ್ರ ಕಟ್ಟಿಸಿಕೊಳ್ಳಲು ಕುತ್ತಿಗೆ ಚಾಚಿ ನಿಂತರು, ಅವಳು ಗಂಟು ಹಾಕಿದಳು. ಅವರು ಅವಳ ಭುಜದ ಮೇಲೆ ಬೆರಳಿಂದ ಎರಡು ಸಲ ತಟ್ಟಿ, ತಾಳ ಹಾಕುವ ಹಾಗೆ, ಹೊರಟುಬಿಟ್ಟರು. ಅವಳನ್ನು ಕರೆದೊಯ್ಯಲು ಜಲಜಾ ಕಾರು ತಂದಿದ್ದಳು. ಪಕ್ಕದ ಬೀದಿಯವಳು, ಮೈಸೂರು ಕಡೆಯವಳು, ಗಂಡ ಶೇಷಗಿರಿ ಇಂಜಿನಿಯರು. ಫ್ರೀವೇ ಹತ್ತುವ ಮುಂಚೆಯೇ ಜಲಜಾ ಮಾತು ಶುರುಮಾಡಿದಳು, ಸೀರೆ ಚೆನ್ನಾಗಿದೆ, ಗಂಟಲಿಗೆ ಬಿಸಿನೀರು ತಂದಿದೀನಿ, ಇವತ್ತು ಅಲ್ಲಿ ದೊಡ್ಡ ಜನವಂತೆ, ಪೇಪರಿನವರೂ ಬರ್ತಾರಂತೆ. ಆ ಮಾತಿನ ನಡುವೆ ನೀಲಾಂಬಿಕೆ ತನಗೇ ಗೊತ್ತಿಲ್ಲದಂತೆ ಕೇಳಿದಳು: “ಜಲಜಾ, ನೀವು ನಿಮ್ಮ ಮನಿಯವರನ್ನ ಹೆಂಗ ಕರೀತೀರಿ?”

“ಶೇಷು ಅಂತೀನಿ. ಯಾಕೆ?”

“ಅತ್ತಿಯವರ ಮುಂದೂ?”

“ಮೊದಲ್ನೇ ದಿನ ನಮ್ಮತ್ತೆ ಕಾಫಿ ಲೋಟ ಕೆಳಗಿಟ್ಟು ಒಳಗೆ ಹೋಗಿಬಿಟ್ರು. ಆಯಸ್ಸು ಕಮ್ಮಿ ಆಗತ್ತಂತೆ. ಹನ್ನೊಂದು ವರ್ಷದಿಂದ ಕರೀತಿದೀನಿ ನೀಲಾ, ಕಮ್ಮಿ ಆಗೋದು ಹಾಗಿರ್ಲಿ, ನಮ್ಮ ಶೇಷು ಪ್ಯಾಂಟು ವರ್ಷಾ ವರ್ಷಾ ಬಿಚ್ಚಿ ದೊಡ್ದು ಮಾಡಿಸ್ತಿದೀನಿ.”

ನೀಲಾಂಬಿಕೆ ನಕ್ಕಳು. ಕಿಟಕಿಯಾಚೆ ಹಿಂದೆ ಏಪ್ರಿಕಾಟ್ ತೋಟಗಳಿದ್ದ ಕಡೆ ಈಗ ಕಪ್ಪು ಗಾಜಿನ ಚಪ್ಪಟೆ ಕಟ್ಟಡಗಳು ಓಡುತ್ತಿದ್ದವು. ಜಲಜಾಗೆ ಹೇಳಿದರೆ ಹಗುರವಾದೀತು, ಆದರೆ ಏನೆಂದು ಹೇಳುವುದು? ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಅವರ ಹೆಸರು ಅಂದಿದ್ದೆ ಎಂದೇ? ಅವರ ದನಿ ಒಡೆಯತೊಡಗಿದ್ದ ಚಳಿಗಾಲ. ಗಂಟಲಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅವಳು ಕೆಲಸದ ಜಾಗದ ಗೋಡೆಯ ಫೋನಿನಿಂದ ಡಾಕ್ಟರ ಆಫೀಸಿಗೆ ಕರೆಮಾಡಿದ್ದಳು. ಹಿಂದೆ ಬಿಳಿ ಮುಸುಕಿನ ಹೆಂಗಸರು ಫೋನಿಗಾಗಿ ಸಾಲು ನಿಂತಿದ್ದರು. ರೋಗಿಯ ಹೆಸರೇನು ಎಂದು ಆ ಕಡೆಯಿಂದ ಕೇಳಿದಾಗ ಎಂದಿನಂತೆ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಲು ಶುರುಮಾಡಿದಳು. ಬಿಡಿ ಅಕ್ಷರಗಳಿಗೆ ದೋಷವಿಲ್ಲವೆಂಬುದು ಅವಳೇ ಮಾಡಿಕೊಂಡ ಶಾಸ್ತ್ರ. ಆ ಕಡೆಯವಳಿಗೆ ತಿಳಿಯಲಿಲ್ಲ, ಹಿಂದಿನವಳು ಕೆಮ್ಮಿದಳು, ಅವಳು ಪೂರಾ ಹೆಸರನ್ನು ಅಂದುಬಿಟ್ಟಳು. ನಾಲಿಗೆಗೆ ಅದು ಎಷ್ಟು ಹೊಸದಾಗಿ, ಎಷ್ಟು ಇಂಪಾಗಿ ಇತ್ತೆಂದರೆ, ಆ ಇಂಪಿಗೇ ಅವಳು ಬೆಚ್ಚಿದ್ದಳು. ಮುಂದಿನ ವಾರ ಬಂದದ್ದು ಕೆಟ್ಟ ಸುದ್ದಿ. ತುಣುಕನ್ನು ಅವಳು ಹೆಸರು ಹೇಳುವ ಮುಂಚೆಯೇ ಕತ್ತರಿಸಿದ್ದರು, ರೋಗ ಅದಕ್ಕೂ ಎಷ್ಟೋ ಮುಂಚಿನದು. ಇದು ಅವಳಿಗೆ ಗೊತ್ತು, ಸಸ್ಯದ ಕಾಂಡವನ್ನು ಸೀಳಿ ಪದರ ಪದರ ನೋಡಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಗಿಣಿಯ ಕೊರಳ ಗೆರೆಯನ್ನು ಹಿಚುಕಿದ್ದು ತನ್ನದೇ ಬೆರಳು ಎಂಬ ಅನುಮಾನ ಹೋಗಲಿಲ್ಲ. ಕತೆಯಲ್ಲಿ ಜೀವ ಕೊರಳಲ್ಲೇ ಇತ್ತಲ್ಲ.

“ಯಾಕ್ರೀ ಸುಮ್ನಾದ್ರಿ?” ಎಂದು ಜಲಜಾ ಕೇಳಿದಳು. ಅವಳು ತಿರುಗಿ ನೋಡಿದ ರೀತಿಯಲ್ಲಿ ನಗೆಯಿರಲಿಲ್ಲ. ನೀಲಾಂಬಿಕೆ ಎಲ್ಲವನ್ನೂ ಅಲ್ಲ, ಮೌಂಟನ್ ವ್ಯೂನಲ್ಲಾದದ್ದನ್ನು ಮಾತ್ರ ಹೇಳಿದಳು. ಹೆಸರು ಹೇಳದೆ ಹಾಡಿದ್ದು, ಅವರು ಪೆಟ್ಟಿಗೆ ಮುಚ್ಚಿದ್ದು, ಇವತ್ತೂ ಹೇಳಲಾಗದೆ ಹೋದರೆ ಅವರು ಮತ್ತೆ ಆ ವಾದ್ಯವನ್ನು ತನ್ನ ಪಕ್ಕ ಕೂತು ನುಡಿಸಲಾರರು ಎಂಬುದು. ಜಲಜಾ ಪಕ್ಕದ ಲಾರಿಗೆ ದಾರಿ ಬಿಟ್ಟಳು. ಆಮೇಲೆ, “ನಾನಾಗಿದ್ರೆ ಹೇಳ್ಬಿಡ್ತಿದ್ದೆ. ಆದ್ರೆ ನನ್ ಶೇಷುಗೆ ಏನೂ ಆಗಿಲ್ಲ. ನಿಮ್ಮ ಜಾಗದಲ್ಲಿ ನಿಂತು ಹೇಳಕ್ಕೆ ನಂಗೆ ಯೋಗ್ಯತೆ ಇಲ್ಲ ಬಿಡಿ,” ಅಂದಳು.

ಕಾರು ನಿಂತದ್ದು ಮುಚ್ಚಿಹೋದ ಹಣ್ಣಿನ ಡಬ್ಬಿ ಕಾರ್ಖಾನೆಯ ಅಂಗಳದಲ್ಲಿ. ಮುಂದಿನ ತಿಂಗಳು ಅದನ್ನು ಕೆಡವಿ ಅಲ್ಲೂ ಕಪ್ಪು ಗಾಜಿನ ಕಟ್ಟಡ ಏಳಲಿತ್ತು. ಅದಕ್ಕೂ ಮೊದಲು ಅಲ್ಲಿ ದುಡಿದ ಹೆಂಗಸರೆಲ್ಲ ಕಡೆಯದಾಗಿ ಸೇರಿ ಉಂಡು ಹಾಡಿ ಹೋಗಬೇಕೆಂದು ಈ ಮಧ್ಯಾಹ್ನ. ಗೇಟಿನ ಮೇಲಿನ ಬಟ್ಟೆಯಲ್ಲಿ ಗಂಡನ ಹೆಸರು ಮಾರುದ್ದದ ಅಕ್ಷರಗಳಲ್ಲಿತ್ತು. ಅವಳು ಅದನ್ನು ಕಣ್ಣಿನಿಂದ ಓದಿದಳು, ಓದಿದ್ದು ಗಂಟಲಿಗೆ ಇಳಿಯದಂತೆ ನೋಡಿಕೊಂಡಳು. ಬಿಸಿಲಲ್ಲಿ ಹಾಕಿದ ಬೆಂಚುಗಳ ಮೇಲೆ ಮುದುಕಿಯರು ತುಂಬಿದ್ದರು, ಪೋರ್ಚುಗೀಸರು, ಇಟಾಲಿಯನ್ನರು, ಮೆಕ್ಸಿಕೋದವರು, ಎಲ್ಲರ ಹೆಬ್ಬೆರಳುಗಳೂ ಏಪ್ರಿಕಾಟ್ ಸೀಳುವ ಚೂರಿಯಿಂದ ಒಂದೇ ಕಡೆ ಸವೆದು ಒಂದೇ ಮನೆಯವರ ಹಾಗೆ ಕಾಣುತ್ತಿದ್ದವು. ಹಾಲಿಸ್ಟರಿನ ತೋಟದಾಳಿನ ಮಗನಾಗಿ ಹುಟ್ಟಿದ ಅವರು ಇವರ ಪಕ್ಕದಲ್ಲಿ ಪೆಟ್ಟಿಗೆ ಹೊರುತ್ತಾ ಬೆಳೆದವರು. ಇವರು ಕೆಲಸದಲ್ಲಿ ಮೇಸ್ತ್ರಿಯನ್ನು ಬೈದು ಕಟ್ಟುತ್ತಿದ್ದ ಸಾಲುಗಳನ್ನು, ಗಂಡ ಬಿಟ್ಟುಹೋದವಳ ಗೊಣಗನ್ನು, ಮಗುವನ್ನು ಹಣ್ಣಿನ ಪೆಟ್ಟಿಗೆಯಲ್ಲಿ ಮಲಗಿಸಿದವಳ ಜೋಗುಳವನ್ನು ಒಂದೊಂದಾಗಿ ಕೇಳಿ ಕಲಿತು ದೇಶವೆಲ್ಲ ಹಾಡಿಕೊಂಡು ಬಂದವರು. ಅವುಗಳಲ್ಲಿ ಇವತ್ತು ಅವಳು ಹಾಡಬೇಕಾದ ಹಾಡು ಎಲ್ಲಕ್ಕಿಂತ ದೊಡ್ಡದು. ಮಾತು ಅರ್ಧ ಫಿಲೊಮಿನಾ ಎಂಬ ಪೋರ್ಚುಗೀಸ್ ಹೆಂಗಸಿನದು, ಉಳಿದರ್ಧ ಅವರದು, ಧಾಟಿ ಪೂರ್ತಿ ಅವರದೇ. ನ್ಯೂಯಾರ್ಕಿನ ದೊಡ್ಡ ರೆಕಾರ್ಡ್ ಕಂಪನಿಯೊಂದರಿಂದ ಒಬ್ಬ ಬಂದು, ಹಾಡು ಬೇಕು, ಆದರೆ ಮೊದಲು ಆ ಮುದುಕಿಯ ಹೆಸರು ಊರು ಹೇಳುವ ಭಾಗ ಬೇಡ, ಕೇಳುವವರಿಗೆ ಬೇಸರವಾಗುತ್ತದೆ ಎಂದಿದ್ದ. ಅವರು ಅವನಿಗೆ ಕಾಫಿ ಕೊಟ್ಟು, ಬಾಗಿಲವರೆಗೂ ಹೋಗಿ, ಕಾರು ಹಿಂದಕ್ಕೆ ತೆಗೆಯಲು ಕೈಸನ್ನೆಯಿಂದ ದಾರಿ ತೋರಿಸಿ ಕಳಿಸಿದ್ದರು. ಆ ದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅವಳಿಗೆ, ತಾನು ಯಾರನ್ನು ಕಟ್ಟಿಕೊಂಡಿದ್ದೇನೆಂದು ಗೊತ್ತಾಗಿತ್ತು. ಇನ್ನೊಬ್ಬರ ಹೆಸರು ಉಳಿಯಲೆಂದು ತನ್ನ ಹೆಸರು ದೊಡ್ಡದಾಗುವುದನ್ನು ಬಿಟ್ಟ ಮನುಷ್ಯ. ಆ ಮನುಷ್ಯನ ಹೆಸರನ್ನೇ ನುಂಗಿ ಅವಳು ಅವನ ಹಾಡು ಹಾಡಿದ್ದಳು.

ಲಾರಿಗೆ ಸರಕು ಏರಿಸುತ್ತಿದ್ದ ಎತ್ತರದ ಸಿಮೆಂಟು ಕಟ್ಟೆಯೇ ವೇದಿಕೆ. ಅವರು ಆಗಲೇ ಕುರ್ಚಿಯಲ್ಲಿ ಕೂತು ಧಾಟಿಯನ್ನು ಸಣ್ಣಗೆ ನುಡಿಸುತ್ತಿದ್ದರು. ಮೇಲೆ ಹತ್ತಿ ಅವರ ಎಡಕ್ಕೆ ನಿಂತಾಗ ಅವಳಿಗೆ ಅವರ ನೆತ್ತಿ ಕಂಡಿತು. ಕೂದಲು ತೆಳ್ಳಗಾಗಿ ಚರ್ಮ ಗುಲಾಬಿಯಾಗಿತ್ತು, ಮಗುವಿನ ನೆತ್ತಿಯ ಹಾಗೆ. ಅವರು ತಲೆಯೆತ್ತಲಿಲ್ಲ. ಮೈಕಿನ ಮುಂದೆ ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಈ ಕಾರ್ಖಾನೆಯ ಬಗ್ಗೆ ಎರಡು ಮಾತು, ಫಿಲೊಮಿನಾ ಸಿಲ್ವೇರಾ ಅವರ ಬಗ್ಗೆ ಎರಡು ಮಾತು. ಆ ಹೆಸರು ಸಲೀಸಾಗಿ ಬಂತು, ಚಪ್ಪಾಳೆಯೂ ಬಂತು. ಮುಂದಿನ ಬೆಂಚಿನಲ್ಲಿ ಕೋಲು ಹಿಡಿದು ಕೂತಿದ್ದ ಫಿಲೊಮಿನಾ ಕೈಯೆತ್ತಿ ಅದನ್ನು ಸ್ವೀಕರಿಸಿದಳು. ಆಮೇಲೆ ನೀಲಾಂಬಿಕೆ, “ಈ ಹಾಡನ್ನು ನಾನು ಕಲಿತದ್ದು” ಅಂದಳು, ನಿಂತಳು. ಅವರ ಬೆರಳು ಧಾಟಿಯ ಕೊನೆಗೆ ಬಂದು ಮತ್ತೆ ಮೊದಲಿಗೆ ಹೋಯಿತು. “ಕಲಿತದ್ದು ನನ್ನ ಗಂಡನಿಂದ” ಅಂದಳು. ಅಷ್ಟು ಸಾಕು ಎನಿಸಿತು. ಸಾಲದು ಎಂದು ಬ್ಯಾಂಜೋ ಸ್ವಲ್ಪ ನಿಧಾನವಾದದ್ದರಲ್ಲಿ ತಿಳಿಯಿತು. ಆಗ ಫಿಲೊಮಿನಾ ಕೋಲನ್ನು ನೆಲಕ್ಕೆ ಕುಟ್ಟಿ, “ಗಂಡಂದಿರು ನಮಗೂ ಇದ್ದರು ಕಣಮ್ಮ, ನಿನ್ನವನು ಯಾರು?” ಎಂದು ಕೇಳಿದಳು. ಬೆಂಚುಗಳ ತುಂಬ ಮುದುಕಿಯರು ನಕ್ಕರು. ಅವರ ನಡುವಿನಿಂದ ಇನ್ನೊಬ್ಬಳು, ಹೆಸರು ಹೇಳು, ಹೆಸರು ಹೇಳು ಎಂದು ಕೈ ತಟ್ಟಿದಳು, ಉಳಿದವರೂ ತಟ್ಟಿದರು.

ಮುಖ ಸುಟ್ಟಂತಾಯಿತು. ನೂರು ಹೆಂಗಸರು ಅಡ್ಡ ನಿಂತು ಕೈ ತಟ್ಟುತ್ತ ಕೇಳುವುದನ್ನು ಅವಳು ಎಲ್ಲಿ ನೋಡಿದ್ದಳು? ಸೋದರತ್ತೆಯ ಮದುವೆ. ಹೊಸ್ತಿಲಿಗೆ ಅಡ್ಡಲಾಗಿ ಸೆರಗು ಹಿಡಿದು ನಿಂತ ಗದಗಿನ ಹೆಂಗಸರು, ಹೆಸರ ಹೇಳವಾ, ಹೇಳಿದ್ರ ಒಳಗ ಬಿಡತೀವಿ ಎಂದು ಮದುಮಗಳನ್ನು ಕಾಡುತ್ತಿದ್ದರು. ಮದುಮಗಳು ಒಡಪು ಕಟ್ಟಿ, ಹೂವಿನ ಮಾತು ಹಣ್ಣಿನ ಮಾತು ಹೇಳಿ, ಕೊನೆಗೆ ಪ್ರಾಸದ ಸಂದಿಯಲ್ಲಿ ಗಂಡನ ಹೆಸರನ್ನು ತೂರಿಸಿ ಒಳಗೆ ಓಡಿದ್ದಳು. ಆಮೇಲೆ ಮುತ್ತೈದೆಯರದೆಲ್ಲ ಸರದಿ. ಎಲ್ಲರಿಗಿಂತ ಉದ್ದದ ಒಡಪು ಹೇಳಿ, ಹೆಸರು ಬಂದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು, ಆಯುಷ್ಯದ ಕತೆ ಹೇಳಿದ್ದ ಬಂಗಾರೆವ್ವನೇ. ತಾಂಬೂಲ ತುಂಬಿದ ಆ ಬಾಯಿ, ಆ ಸೊಕ್ಕು. ಅದ್ಹೆಂಗ ಹೇಳಿದಿ ಎಂದು ಹುಡುಗಿ ಸೆರಗು ಜಗ್ಗಿ ಕೇಳಿದಾಗ ಅಜ್ಜಿ ಕಿವಿಯಲ್ಲಿ ಅಂದಿದ್ದಳು: “ಹಾಡು ಕಟ್ಟಿ ಹೇಳಿದ್ರ ಯಮ ತಲೀ ದೂಗಕೋತ ನಿಂತಿರ್ತಾನ, ಹೆಸರು ಯಾರದಂತ ಕೇಳೂದ ಮರೀತಾನ.” ಗಂಡನ ಹೆಸರು ಹೇಳಬಾರದೆಂದ ಊರೇ ಅದನ್ನು ಹೇಳಲು ಒಂದು ಬಾಗಿಲನ್ನೂ ಇಟ್ಟಿತ್ತು. ಅವಳು ಅಮೆರಿಕೆಗೆ ಬರುವಾಗ ನಿಷೇಧವನ್ನಷ್ಟೇ ತಂದು ಬಾಗಿಲನ್ನು ಅಲ್ಲೇ ಬಿಟ್ಟುಬಂದಿದ್ದಳು.

ಮೈಕನ್ನು ಎರಡೂ ಕೈಯಿಂದ ಹಿಡಿದು, ಕನ್ನಡದಲ್ಲಿ, ಗದಗಿನ ಹೆಂಗಸರ ರಾಗದಲ್ಲಿ, ಕಟ್ಟುತ್ತ ಕಟ್ಟುತ್ತಲೇ ಅವಳು ಹೇಳಿದಳು:

“ಸೀಳಿದ ಹಣ್ಣು ಒಣಗ್ಯಾವ ಬಿಸಿಲಿನ ಹಲಗಿ ಮ್ಯಾಲ,
ಕೊಟ್ಟವರ ಹೆಸರು ಇಟ್ಕೊಂಡಾರ ತಮ್ಮ ನಾಲಗಿ ಮ್ಯಾಲ,
ವೆಂಡೆಲ್‌ ರಾಯರ ಹಾಡು ಹೊತ್ತು ನಿಂತೇನಿ ಈ ಜಗಲಿ ಮ್ಯಾಲ.”

ಬ್ಯಾಂಜೋ ನಿಂತುಹೋಯಿತು. ಅಂಗಳದಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಹಿಂದೆಲ್ಲೋ ನಿಂತಿದ್ದ ಜಲಜಾ ಒಬ್ಬಳೇ ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದು ಕಂಡು ನಿಲ್ಲಿಸಿದಳು. ಫಿಲೊಮಿನಾ ಕಿವಿಯ ಹಿಂದೆ ಅಂಗೈ ಇಟ್ಟು, ಚಂದ ಇತ್ತು ಮಗಳೇ, ಆದರೆ ಏನಂದೆ, ಯಾರಿಂದ, ಎಂದು ಕೇಳಿದಳು. ಆಗ ನೀಲಾಂಬಿಕೆ ತಿರುಗಿ ನೋಡಿದಳು. ಅವರು ತಲೆಯೆತ್ತಿದ್ದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವಳ ಬಾಯಿಂದ ತಮ್ಮ ಹೆಸರು ಮೊದಲ ಸಲ ಕೇಳಿದ ಮುಖ ಅದು. ಬಾಯಿ ತೆರೆದಿತ್ತು, ದನಿಯಿಲ್ಲದಿದ್ದರೂ ಏನೋ ಅನ್ನಲು ಹೊರಟವರಂತೆ. ಕರವಸ್ತ್ರ ಉಸಿರಿಗೆ ಉಬ್ಬುತ್ತಾ ಇಳಿಯುತ್ತಾ ಇತ್ತು, ಜೋರಾಗಿ, ಜೀವಂತವಾಗಿ. ಪ್ರಾಸವಿಲ್ಲದೆ, ಯಮನ ತಲೆದೂಗಿಸುವ ಯಾವ ರಾಗವೂ ಇಲ್ಲದೆ ಹೇಳುವುದು ಈಗ ಬಾಕಿ. ಭಯ ಹೋಗಿರಲಿಲ್ಲ. ಹೋಗುವುದೂ ಇಲ್ಲ, ನಾಳೆ ಅವರು ಕೆಮ್ಮಿದರೂ ಬರುತ್ತದೆ. ಆದರೆ ಈ ಹೆಸರನ್ನು ಜಗತ್ತಿನ ಮುಂದೆ ಎತ್ತಿ ಹಿಡಿಯಲು ಈಗ ಇರುವುದು ತನ್ನ ಗಂಟಲೊಂದೇ. ಆ ಹೆಮ್ಮೆ ಭಯಕ್ಕಿಂತ ಒಂದು ಗೇಣು ಎತ್ತರ ನಿಂತಿತ್ತು.

“ವೆಂಡೆಲ್‌ ಮರ್ಚಿಸನ್,” ಅಂದಳು. “ಹಾಲಿಸ್ಟರಿನವರು. ಹಾಡು ಅವರದು, ನಾನು ಅವರ ಹತ್ತಿರ ಕಲಿತದ್ದು. ಇಲ್ಲೇ ಕೂತಿದ್ದಾರೆ.”

ಕಟ್ಟೆ ಅದುರುವ ಹಾಗೆ ಜನ ಎದ್ದು ನಿಂತರು. ಅವರು ಮೂಗಿನ ತುದಿಯನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ಬ್ಯಾಂಜೋವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಧಾಟಿ ಎತ್ತಿಕೊಂಡರು. ಮೊದಲ ಸಾಲು ಬರಬೇಕಾದಲ್ಲಿ ಅವಳಿಗೆ ದನಿ ಏಳಲಿಲ್ಲ. ಅವರು ಅವಸರ ಮಾಡಲಿಲ್ಲ. ಇನ್ನೊಂದು ಸುತ್ತು ನುಡಿಸಿದರು, ಮತ್ತೊಂದು ಸುತ್ತು ನುಡಿಸಿದರು, ಅವಳು ಬರುವವರೆಗೆ ನುಡಿಸುತ್ತಲೇ ಇದ್ದರು.